ಪ್ರೆಸ್ಸಿನ ಅಕ್ಕನ ಬಲಗೈ

ಚೌತಿಗೆ ಇನ್ನೂ ತಿಂಗಳಿರುವಾಗಲೇ ನಮ್ಮ ಅತ್ತೆಗೆ ಗಣಪತಿಯ ಚಿಂತೆ ಶುರುವಾಗುತ್ತದೆ. ಅವರ ತವರು ಕುಮಟೆ. ತವರಿನವರು ತಲೆಮಾರಿನಿಂದ ಮಾಡಿಸಿಕೊಂಡು ಬಂದ ಕಡೆಯ ಗಣಪತಿಯೇ ಆಗಬೇಕು, ಹೊನ್ನಾವರದಲ್ಲಿ ಸಿಗುವ ಗಣಪತಿಯ ಕಣ್ಣು ಅವರಿಗೆ ಸರಿಬರುವುದಿಲ್ಲ. ಹಾಗಾಗಿ ಈ ಸಲವೂ ಮನೆಯ ಮಣೆಯನ್ನು ಬಟ್ಟೆಯಲ್ಲಿ ಸುತ್ತಿ, ಕಾಯಿ ವೀಳ್ಯ ಚೀಲಕ್ಕೆ ಹಾಕಿಕೊಂಡು, ನಾವಿಬ್ಬರೂ ಬಸ್ಸಿನಲ್ಲಿ ಕುಮಟೆಗೆ ಹೋದೆವು. ಮಣೆ ಕೊಟ್ಟು ಬಂದರೆ ಅದರ ಮೇಲೆಯೇ ಮೂರ್ತಿ ಮಾಡಿಕೊಡುತ್ತಾರೆ.

ಗಣಪತಿ ಮಾಡುವವರ ಚಪ್ಪರದಲ್ಲಿ ಒಂದು ಮೂಲೆಗೆ ಹದ ಮಾಡಿದ ಮಣ್ಣಿನ ರಾಶಿ ಇತ್ತು. ಅವರು ಮೇಲಿನ ಒದ್ದೆ ಗೋಣಿಯನ್ನು ಎತ್ತಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಕೆರೆಯ ತಳದ ತಣ್ಣಗಿನ ವಾಸನೆ. ಅತ್ತೆ ಸೊಂಡಿಲು ಯಾವ ಕಡೆಗೆ ತಿರುಗಿರಬೇಕೆಂದು ಹೇಳುತ್ತಿದ್ದಾಗಲೇ ನಾನು ಹೊರಗೆ ಬಂದು ರಸ್ತೆಯ ಬದಿಗೆ ನಿಂತೆ. "ಎಂತ ಆತೇ?" ಎಂದು ಒಳಗಿನಿಂದಲೇ ಕೇಳಿದರು. ತಲೆ ಸುತ್ತಿತು ಎಂದು ಸುಳ್ಳು ಹೇಳಿದೆ. ಇದೇ ಚಪ್ಪರದಿಂದ ಕೆಲವು ವರ್ಷಗಳ ಹಿಂದೆ ಒಂದು ಮುದ್ದೆ ಮಣ್ಣು ಕೇಳಿಕೊಂಡು ಹೋಗಿದ್ದೆ. ಅದರಲ್ಲಿ ಒಬ್ಬರ ಕೈಯನ್ನು ಒತ್ತಿಸಿದ್ದೆ...

ಅವರನ್ನು ಊರಿಡೀ ಪ್ರೆಸ್ಸಿನ ಅಕ್ಕ ಎಂದೇ ಕರೆಯುತ್ತಿತ್ತು. ಹೊನ್ನಾವರ ಪೇಟೆಯ ಹಳೆಯ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಕನ್ನಡ ಟೈಪ್ ಮಾಡುವುದು ಅವರ ಕೆಲಸ. ಲಗ್ನಪತ್ರಿಕೆ, ಯಕ್ಷಗಾನದ ಆಟದ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ, ಸತ್ಯನಾರಾಯಣ ಪೂಜೆಯ ಕರೆಯೋಲೆ, ಎಲ್ಲವೂ ಅವರ ಬೆರಳ ತುದಿಯಿಂದಲೇ ಬರಬೇಕು. ನಮ್ಮ ಮನೆ ಪ್ರೆಸ್ಸಿನ ಹಿಂದಿನ ಓಣಿಯಲ್ಲಿ. ಅದೇ ಓಣಿಯ ತುದಿಯಲ್ಲಿ ಅವರು ತಮ್ಮನ ಸಂಸಾರದ ಜೊತೆ ಇದ್ದರು. ಮದುವೆಯಾಗಿರಲಿಲ್ಲ. ಯಾರಾದರೂ ಆ ಮಾತೆತ್ತಿದರೆ, "ಊರಿನವ್ರ ಲಗ್ನಪತ್ರಿಕೆ ಎಲ್ಲ ಹೊಡ್ದು ಹೊಡ್ದು ನಂದೊಂದು ಹೊಡ್ಕಂಬುಕೆ ಪುರ್ಸೊತ್ತೇ ಆಗಲ್ಲ ಮಾರಾಯ್ತಿ" ಎಂದು ತಾವೇ ಮೊದಲು ನಗುತ್ತಿದ್ದರು.

ನಾನು ಪಕ್ಕದ ಮಂಕಿ ಊರಿನವಳು. ಮದುವೆಯಾಗಿ ಓಣಿಗೆ ಬಂದ ವಾರದಲ್ಲೇ ನನ್ನನ್ನು ಗೇಟಿನ ಹತ್ತಿರ ತಡೆದು, "ಪತ್ರಿಕೇಲಿ ನಿನ್ನ ಹೆಸ್ರಿನ ಮುಂದೆ ಬಿ.ಇ. ಅಂತ ಹಾಕಿದ್ದು ನಾನೇ. ನಿಮ್ಮತ್ತೆ ಬರ್ದು ಕೊಟ್ಟಿರ್ಲಿಲ್ಲ, ನೆನಪಿಟ್ಕೋ" ಎಂದು ಹೇಳಿ ಹೋಗಿದ್ದರು. ನಯವಿನಯದ ಹೆಂಗಸಲ್ಲ. ತನ್ನಷ್ಟು ವೇಗವಾಗಿ ಕನ್ನಡ ಹೊಡೆಯುವವರು ಕಾರವಾರದ ತನಕ ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು, ಕೇಳಿದವರು ಒಪ್ಪಿಕೊಳ್ಳುವ ತನಕ ಬಿಡುತ್ತಲೂ ಇರಲಿಲ್ಲ. ಟೈಪ್ ಮಾಡುವಾಗ ಅವರ ಕಣ್ಣು ಕೀಲಿಮಣೆಯ ಮೇಲೂ ಇರುತ್ತಿರಲಿಲ್ಲ, ಪರದೆಯ ಮೇಲೂ ಇರುತ್ತಿರಲಿಲ್ಲ, ಎದುರು ಕೂತ ಗಿರಾಕಿಯ ಮುಖದ ಮೇಲಿರುತ್ತಿತ್ತು. "ಸಣ್ಣ ಮಾವನ ಹೆಸ್ರು ಬಿಟ್ರಲ್ಲ, ಈಗ ಮಾತಿಲ್ವಾ?" ಎಂದು ಕೇಳಿ ಗಿರಾಕಿಯನ್ನು ಪೇಚಿಗೆ ಸಿಲುಕಿಸುತ್ತಿದ್ದರು. ಆ ಹೊತ್ತಿನಲ್ಲೂ ಬೆರಳು ನಿಲ್ಲುತ್ತಿರಲಿಲ್ಲ.

ತಾನು ಹೊಡೆದ ಪತ್ರಿಕೆಯ ಮದುವೆಗೆಲ್ಲ ಅವರು ಹೋಗುತ್ತಿದ್ದರು. ಕರೆದರೆ ಸರಿ, ಕರೆಯುವುದನ್ನು ಮರೆತರೂ ಸರಿ. ಮೊದಲ ಪಂಕ್ತಿಯಲ್ಲೇ ಕೂತು ಊಟ ಮಾಡಿ, ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಬಡಿಸುವವರಿಗೆ ಹೇಳಿ, ಕೈ ತೊಳೆದು ಬರುತ್ತಿದ್ದರು.

ಆಮೇಲೆ ಆ ಅಪಘಾತ ಆಯಿತು. ಮದುವೆಯ ಸೀಸನ್ ಶುರುವಾಗುವ ಮೊದಲು, ಕಾಗದ ಕತ್ತರಿಸುವ ಯಂತ್ರದವನು ಬರಲಿಲ್ಲವೆಂದು ತಾನೇ ಕತ್ತರಿಸಲು ಹೋದರು. ಕಾಯುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ಬಲಗೈಯ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಪೂರ್ತಿ ಹೋದವು. ತೋರುಬೆರಳು ಅರ್ಧ ಉಳಿಯಿತು. ಹೆಬ್ಬೆರಳಿಗೆ ಏನೂ ಆಗಲಿಲ್ಲ.

ಗಾಯ ಮಾಗಿದ ಮೇಲೆ ಅವರು ಪ್ರೆಸ್ಸಿಗೆ ವಾಪಸು ಬಂದರು, ಆದರೆ ಬಲಗೈ ಮಾತ್ರ ಯಾವಾಗಲೂ ಸೆರಗಿನ ಒಳಗೆ. ನಾವು ದಿನ ಬೆಳಗಾದರೆ ಎಷ್ಟು ಸಲ ಬಲಗೈ ಚಾಚುತ್ತೇವೆ ಎಂಬುದು ನನಗೆ ಗೊತ್ತಾದದ್ದು ಅವರನ್ನು ನೋಡಿಯೇ. ತೀರ್ಥಕ್ಕೆ ಬಲಗೈ ಒಡ್ಡಬೇಕು ಎಂದು ಅವರು ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟರು. ಅರಿಶಿನ ಕುಂಕುಮಕ್ಕೆ ಕರೆದರೆ ಬಾಗಿಲಲ್ಲೇ ನಿಂತು ಮಾತಾಡಿ ಬಂದುಬಿಡುತ್ತಿದ್ದರು. ಎಲೆಯ ಮುಂದೆ ಕೂತರೆ ಬಲಗೈಯಿಂದಲೇ ಉಣ್ಣಬೇಕು, ಪಂಕ್ತಿಯಲ್ಲಿ ಎಡಗೈ ಎತ್ತುವುದು ಹೇಗೆ? ಮದುವೆಗಳಿಗೆ ಹೋಗುವುದೂ ನಿಂತಿತು. ಅಪಘಾತದ ವಿಷಯ ಊರಿಗೆಲ್ಲ ಗೊತ್ತಿತ್ತು, ಅದು ಬೇರೆ. ಆ ಕೈಯನ್ನು ಮಾತ್ರ ಊರಲ್ಲಿ ಯಾರೂ ನೋಡಿರಲಿಲ್ಲ. ನೋಡಲು ಅವರು ಬಿಡಲಿಲ್ಲ.

ಪ್ರೆಸ್ಸಿನ ಯಜಮಾನರು ಕೆಟ್ಟವರಲ್ಲ. ಕೆಲಸದಿಂದ ತೆಗೆಯಲಿಲ್ಲ. ಟೈಪಿಂಗ್ ಅನ್ನು ಕುಮಟೆಯ ಒಬ್ಬರಿಗೆ ಕಳಿಸತೊಡಗಿದರು, ಅಕ್ಕನಿಗೆ ಪತ್ರಿಕೆ ಮಡಚುವ ಕೆಲಸ ಕೊಟ್ಟರು. ಮಡಚಿದ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದೂ ಅವರದೇ ಕೆಲಸ. ಕುಮಟೆಯಿಂದ ಬಂದ ಪ್ರತಿಯಲ್ಲಿ ತಪ್ಪುಗಳಿರುತ್ತಿದ್ದವು. ಅವನ್ನು ನೋಡಿ ಹಲ್ಲು ಕಚ್ಚಿಕೊಂಡು, ಎಡಗೈಯಿಂದ ಅರಿಶಿನ ಹಚ್ಚುತ್ತಾ ಕೂತಿರುತ್ತಿದ್ದ ಅವರ ಮುಖ ನನಗೆ ಈಗಲೂ ಕಾಣುತ್ತದೆ. ಒಂದು ದಿನ ನನ್ನನ್ನು ನೋಡಿ, "ಇಷ್ಟು ಮಾಡುಕೆ ನಾನೇ ಬೇಕಾ ತಂಗೀ? ನಮ್ಮನೆ ಬೆಕ್ಕಿನ ಕಾಲು ಅದ್ದಿದ್ರೂ ಆತದೆ" ಎಂದರು. ಆ ಸಲ ಅವರು ನಗಲಿಲ್ಲ.

ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಭಟ್ಕಳದ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮೊದಲೊಮ್ಮೆ ನನಗೇ ಮಣಿಕಟ್ಟಿನ ನೋವು ಬಂದು, ಅಂಗಡಿಯ ಕೀಬೋರ್ಡಿನಲ್ಲಿ ಟೈಪ್ ಮಾಡಲಾಗದೆ, ನನ್ನ ಕೈಗೆ ಸರಿಯಾದದ್ದನ್ನು ನಾನೇ ಮಾಡಿಕೊಂಡಿದ್ದೆ. ಆಗ ಹತ್ತಿದ ಹುಚ್ಚು ಬಿಡಲಿಲ್ಲ. ಇಂಥ ಹುಚ್ಚಿನವರು ಲೋಕದಲ್ಲಿ ಬಹಳ ಜನ ಇದ್ದಾರೆ. ಯಾವ ಕೀಲಿ ಎಲ್ಲಿರಬೇಕು, ಎಷ್ಟು ಮೆತ್ತಗಿರಬೇಕು, ಒತ್ತಿದರೆ ಏನಾಗಬೇಕು ಎಂಬುದನ್ನೆಲ್ಲ ನಮಗೆ ಬೇಕಾದಂತೆ ಮಾಡಿಕೊಳ್ಳುವುದು, ಮಾಡಿದ್ದನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟುಕೊಡುವುದು. ನಕ್ಷೆ, ಅಳತೆ, ಪ್ರೋಗ್ರಾಮು ಎಲ್ಲವನ್ನೂ ಯಾರು ಬೇಕಾದರೂ ಇಳಿಸಿಕೊಂಡು, ತಿದ್ದಿಕೊಂಡು, ತಮ್ಮದೊಂದು ಮಾಡಿಕೊಳ್ಳಬಹುದು. ಓಪನ್ ಸೋರ್ಸ್ ಎಂದರೆ ಇದೇ. ನಮ್ಮ ಬಳಗದಲ್ಲಿ ಮುಚ್ಚಿಡುವವರನ್ನು ಜಿಪುಣರ ಹಾಗೆ ನೋಡುತ್ತಾರೆ. ನಾನೂ ಹಾಗೆಯೇ ನೋಡುತ್ತಿದ್ದೆ, ಈ ವಿಷಯದಲ್ಲಿ ಯಾರ ಜೊತೆಗೆ ಬೇಕಾದರೂ ಜಗಳಕ್ಕೆ ನಿಲ್ಲುತ್ತಿದ್ದೆ. ಅಡುಗೆಮನೆಯ ಮೇಜಿನ ಮೇಲೆ ಬೆಸುಗೆ ಹಾಕುತ್ತಾ ಕೂತ ನನ್ನನ್ನು ನೋಡಿ ಅತ್ತೆ, "ಊರಿಗೆ ಉಪಕಾರಿ, ಮನೆಗೆ ಮಾರಿ" ಎನ್ನುತ್ತಿದ್ದರು. ಅದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಳ್ಳುತ್ತಿದ್ದೆ.

ನಿಮ್ಮ ಕೈಗೆ ಒಂದು ಕೀಬೋರ್ಡ್ ಮಾಡಿಕೊಡುತ್ತೇನೆ ಎಂದು ನಾನು ಅಕ್ಕನಿಗೆ ಹೇಳಿದಾಗ ಅವರು ನನ್ನನ್ನು ಗದರಿಸಿಬಿಟ್ಟರು. ನನ್ನ ಕೈಯ ಉಸಾಬರಿ ನಿನಗೆ ಎಂತಕೆ ಎಂದರು. ಆಮೇಲೆ ಬಹಳ ದಿನ ಆ ಮಾತೇ ಇರಲಿಲ್ಲ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ, ಅತ್ತೆ ಮಲಗಿದ್ದ ಹೊತ್ತು ನೋಡಿಕೊಂಡು, ತಾವಾಗಿಯೇ ಬಂದರು. ಒಳಗೆ ಬಂದವರು ಬಾಗಿಲು ಹಾಕು ಎಂದರು. ಹಾಕಿದೆ. ಕಿಟಕಿಯನ್ನೂ ಹಾಕು ಎಂದರು. ಒಂದು ಕಿಟಕಿ ಬೆಳಕಿಗೆ ಬೇಕು ಎಂದಾಗ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿಕೊಂಡರು. ಆಮೇಲೆ ಸೆರಗನ್ನು ಬಿಡಿಸಿ ಕೈಯನ್ನು ಮೇಜಿನ ಮೇಲಿಟ್ಟರು.

"ನೋಡು. ಇದ ನಮ್ಮನೇಲಿ ಯಾರಿಗೂ ತೋರ್ಸಿರ್ಲಿಲ್ಲ."

ಮಣಿಕಟ್ಟಿನ ಒಳಬದಿಗೆ ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಹಸಿರು ಹಚ್ಚೆ ಇತ್ತು, ಒಂದು ಸಣ್ಣ ತುಳಸಿಕಟ್ಟೆ. ಅದರ ಮೇಲೆ ಹಸಿರು ಬಳೆಗಳು. ಆ ಕೈಗೂ ಅವರು ಬಳೆ ಹಾಕುವುದನ್ನು ಬಿಟ್ಟಿರಲಿಲ್ಲ. ಅದನ್ನು ಕಂಡು ನನಗೆ ಯಾಕೋ ಬಹಳ ಸಂಕಟವಾಯಿತು.

ಅಳತೆ ತೆಗೆಯಲು ಕುಮಟೆಯಿಂದ ತಂದ ಗಣಪತಿಯ ಮಣ್ಣಿತ್ತು. ಅಂಗೈ ಕೂರುವ ತಗ್ಗು, ಹೆಬ್ಬೆರಳು ಸುಲಭವಾಗಿ ಎಟುಕುವ ಜಾಗ, ಅರ್ಧ ಬೆರಳು ಎಲ್ಲಿಯ ತನಕ ಹೋಗುತ್ತದೆ ಎಂಬುದು, ಎಲ್ಲ ಆ ಮಣ್ಣಿನಲ್ಲಿ ಮೂಡಬೇಕಿತ್ತು. "ದೇವ್ರ ಮಾಡು ಮಣ್ಣಲ್ಲಿ ನನ್ನ ಕೈ ಮಾಡ್ತೀ, ಪಾಪ ಬತ್ತದೆ ನೋಡು" ಎಂದು ಅವರು ಛೇಡಿಸಿದರು. ಅಪಘಾತದ ನಂತರ ಅವರು ಹಾಗೆ ಮನಸ್ಸು ಬಿಟ್ಟು ನಗುವುದನ್ನು ನಾನು ಕಂಡದ್ದು ಅದೇ ಮೊದಲು. ಮಣ್ಣು ಒಣಗಿದರೆ ಬಿರುಕು ಬಿಡುತ್ತದೆ ಎಂದು ಫೋಟೋಗಳನ್ನೂ ತೆಗೆದುಕೊಂಡೆ. ಮೇಲಿನಿಂದ, ಬದಿಯಿಂದ, ಪಕ್ಕದಲ್ಲಿ ಅಡಿಪಟ್ಟಿ ಇಟ್ಟು, ಅಂಗೈ ಮೇಲೆ ಮಾಡಿಸಿ. ಇದೆಲ್ಲ ಎಂತಕೆ ಎಂದು ಕೇಳಿದರು. ಅಳತೆಗೆ ಎಂದೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಮಾಡಲು ಬಹಳ ಕಾಲ ಹಿಡಿಯಿತು. ಎಡಗೈಗೆ ಸಾಮಾನ್ಯ ಕೀಲಿಗಳ ಸಾಲು. ಬಲಕ್ಕೆ ಒಂದು ಬೋಗುಣಿಯಂಥ ತಗ್ಗು, ಅದರ ಅಂಚಿಗೆ ಹೆಬ್ಬೆರಳಿನ ಸುತ್ತ ನಾಲ್ಕಾರು ಕೀಲಿ. ಹೆಬ್ಬೆರಳು ಒಂದನ್ನು ಒತ್ತಿ ಹಿಡಿದರೆ, ಮೊದಲು ಬಲಗೈಯಲ್ಲಿ ಬರುತ್ತಿದ್ದ ಅಕ್ಷರಗಳೆಲ್ಲ ಎಡಗೈಯ ಕೀಲಿಗಳಲ್ಲೇ ಬರುವ ಹಾಗೆ ಪ್ರೋಗ್ರಾಮು. ಕನ್ನಡಕ್ಕೆ ಹೆಜ್ಜೆಹೆಜ್ಜೆಗೂ ಒತ್ತಕ್ಷರ ಬೇಕು, ಅದರ ಕೀಲಿಯನ್ನು ಅರ್ಧ ಬೆರಳಿಗೆ ಕೊಟ್ಟಿದ್ದೆ. ಆ ಬೆರಳ ತುದಿಗೆ ಸ್ಪ್ರಿಂಗಿನ ಪೆಟ್ಟು ತಾಗಿ ನೋಯುತ್ತಿತ್ತು. ಅವರು ಅದನ್ನು ಹೇಳಲಿಲ್ಲ, ಒತ್ತು ಬೇಕಾದ ಕಡೆ ಮುಖ ಹಿಂಡುವುದನ್ನು ನೋಡಿ ನಾನೇ ತಿಳಿದುಕೊಂಡೆ. ಆ ಕೀಲಿಯನ್ನು ಹೆಬ್ಬೆರಳಿಗೆ ಸರಿಸಿ, ಸ್ಪ್ರಿಂಗ್ ಬದಲಿಸಿ, ಕಾಲೇಜಿನ ತ್ರೀಡಿ ಪ್ರಿಂಟರಿನಲ್ಲಿ ತಗ್ಗನ್ನು ಮತ್ತೆ ಮತ್ತೆ ಮಾಡಿಸಿ, ಭಟ್ಕಳದಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತರುತ್ತಿದ್ದೆ. ಭಾನುವಾರ ಭಾನುವಾರ ಅವರು ಬರುತ್ತಿದ್ದರು. ನನ್ನನ್ನು ಬೈಯುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಊರಿನ ಸುದ್ದಿ ಹೇಳುತ್ತಿದ್ದರು. ಕೈ ಬಿಚ್ಚಿ ಕೂರಲು ಅವರಿಗೆ ಊರಿನಲ್ಲಿ ಇದ್ದ ಜಾಗ ನಮ್ಮ ಅಡುಗೆಮನೆಯ ಮೇಜು ಒಂದೇ. ಅದನ್ನು ಅವರು ಹೇಳಿದವರಲ್ಲ, ನನಗೇ ಆಮೇಲೆ ಹೊಳೆದದ್ದು.

ಕೊನೆಗೆ ಒಂದು ಭಾನುವಾರ ಅವರು ನನ್ನ ಮುಖ ನೋಡುತ್ತಾ ಒಂದು ಇಡೀ ಲಗ್ನಪತ್ರಿಕೆಯನ್ನು ಬಾಯಿಪಾಠದಿಂದ ಹೊಡೆದರು. ಗಂಡು ಹೆಣ್ಣಿನ ಹೆಸರು ಅವರದೇ ಕಲ್ಪನೆ. ಮೊದಲಿನ ವೇಗ ಇರಲಿಲ್ಲ, ಆದರೆ ಕಣ್ಣು ಕೀಲಿಯ ಕಡೆ ಒಮ್ಮೆಯೂ ಹೋಗಲಿಲ್ಲ. ಮುಗಿಸಿ, "ಆತು" ಎಂದರು. ಅಷ್ಟೇ. ಮರುದಿನ ಕೀಬೋರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಪ್ರೆಸ್ಸಿಗೆ ಹೋದರು. ಯಜಮಾನರು ಒಳಕೋಣೆಗೆ ಒಂದು ಪರದೆ ಹಾಕಿಸಿಕೊಟ್ಟರು. ಪರದೆಯ ಆಚೆ ಕೈ ಬಿಚ್ಚಿ ಟೈಪ್ ಮಾಡುವುದು, ಈಚೆ ಬರುವಾಗ ಸೆರಗಿನೊಳಗೆ ಇಟ್ಟುಕೊಳ್ಳುವುದು. ಕುಮಟೆಗೆ ಕೆಲಸ ಕಳಿಸುವುದು ನಿಂತಿತು. ಪರದೆಯ ಒಳಗಿನಿಂದ ಮತ್ತೆ ಗಿರಾಕಿಗಳ ಮಾವಂದಿರ ವಿಚಾರಣೆ ಶುರುವಾಯಿತು.

ಕೀಬೋರ್ಡನ್ನು ಎಲ್ಲರಿಗೂ ಬಿಟ್ಟುಕೊಡುತ್ತೇನೆ ಎಂದು ಅವರಿಗೆ ಹೇಳಿದ್ದೆ. ಇಂಥ ಕೈಯವರು ಬೇರೆ ಕಡೆಯೂ ಇರುತ್ತಾರೆ, ಅವರೂ ಮಾಡಿಕೊಳ್ಳಲಿ ಎಂದೆ. "ಕೊಡೇ, ಒಳ್ಳೇದೇ ಆತು" ಎಂದರು. ಫೋಟೋಗಳ ಮಾತನ್ನು ನಾನು ಎತ್ತಲೇ ಇಲ್ಲ. ಕೇಳಬೇಕೆಂದು ಹೊಳೆಯಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ, ಆದರೆ ನಿಜಕ್ಕೂ ಹೊಳೆಯಲಿಲ್ಲ. ಮಾಡಿದ ಕ್ರಮವನ್ನು ಪೂರ್ತಿ ತೋರಿಸದೆ ಬರೀ ನಕ್ಷೆ ಕೊಟ್ಟರೆ ನಮ್ಮವರು ಮೂಗು ಮುರಿಯುತ್ತಾರೆ. ಮಣ್ಣಿನ ಅಚ್ಚಿನ ಚಿತ್ರ, ಕೆಟ್ಟುಹೋದ ಮಾದರಿಗಳ ಚಿತ್ರ, ಆ ಕೈಯ ಚಿತ್ರ, ಎಲ್ಲ ಒಟ್ಟಿಗೆ ಏರಿಸಿದೆ. ಹೆಸರು ಹಾಕಲಿಲ್ಲ, ಮುಖ ಇರಲಿಲ್ಲ, ಇನ್ನೇನು ಬೇಕು ಎಂದುಕೊಂಡಿದ್ದೆ. ಆ ಹಚ್ಚೆ, ಆ ಬಳೆ ಇಡೀ ಹೊನ್ನಾವರಕ್ಕೆ ಗೊತ್ತು ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಹೊಗಳಿಕೆ ಬಂತು. ಗೊತ್ತಿಲ್ಲದ ದೇಶಗಳಿಂದ ಬಂತು. ತಮ್ಮ ತಾಯಿಗೆ ಮಾಡಿಕೊಟ್ಟೆವು, ತಮ್ಮ ಗೆಳೆಯನಿಗೆ ಮಾಡಿಕೊಟ್ಟೆವು ಎಂದು ಜನ ಬರೆದರು. ತಗ್ಗನ್ನು ತಿದ್ದಿ ಎಡಗೈಗೆ ಮಾಡಿದರು, ಮಕ್ಕಳ ಕೈಗೆ ಮಾಡಿದರು. ನಾನು ಉಬ್ಬಿಹೋದೆ, ಸುಳ್ಳು ಹೇಳುವುದಿಲ್ಲ. ಬಸ್ಸಿನಲ್ಲಿ ಹೋಗುವಾಗ ಮೊಬೈಲಿನಲ್ಲಿ ಆ ಮೆಚ್ಚುಗೆಗಳನ್ನು ಓದಿದ್ದನ್ನೇ ಓದುತ್ತಿದ್ದೆ. ಕಾಲೇಜಿನಲ್ಲೂ ಸುದ್ದಿಯಾಯಿತು. ಆ ವರ್ಷದ ವಸ್ತುಪ್ರದರ್ಶನಕ್ಕೆ ಇದನ್ನೇ ಮುಂದಿಡೋಣ ಎಂದರು. ಬ್ಯಾನರು, ಪತ್ರಿಕೆ ಎಲ್ಲ ಎಲ್ಲಿ ಮಾಡಿಸುವುದು ಎಂದು ಆಫೀಸಿನವರು ಕೇಳಿದಾಗ, ಹೊನ್ನಾವರದ ನಮ್ಮ ಪ್ರೆಸ್ಸಿಗೇ ಕೊಡಿ, ಅಲ್ಲಿ ಕನ್ನಡ ತಪ್ಪಿಲ್ಲದೆ ಮಾಡುತ್ತಾರೆ ಎಂದವಳು ನಾನೇ. ಅಕ್ಕನಿಗೆ ದೊಡ್ಡ ಕೆಲಸ ಸಿಗಲಿ ಎಂದು...

ಪ್ರದರ್ಶನದ ದಿನ ಬೆಳಿಗ್ಗೆ ಬಸ್ಸಿಳಿದು ಗೇಟಿನ ಹತ್ತಿರ ಬಂದವಳು ಅಲ್ಲೇ ನಿಂತುಬಿಟ್ಟೆ. ಗೇಟಿನ ಕಮಾನಿನ ಅಗಲಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಅದರ ತುಂಬ ಆ ಕೈ. ಬಾಗಿಲಿನಷ್ಟು ದೊಡ್ಡದಾಗಿ, ಅಂಗೈ ಮೇಲೆ ಮಾಡಿ ಮಲಗಿಸಿದ ಕೈ. ಹಸಿರು ತುಳಸಿಕಟ್ಟೆ ಒಂದು ತಲೆಯಷ್ಟು ದೊಡ್ಡದಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, "ಬೆರಳಿಲ್ಲದ ಕೈಗೂ ಅಕ್ಷರ ಭಾಗ್ಯ". ಅದರ ಕೆಳಗೆ ನನ್ನ ಹೆಸರು. ಹೆಸರಿನ ಅಡಿಗೆ, ಅಕ್ಕ ಎಲ್ಲ ಲಗ್ನಪತ್ರಿಕೆಗೂ ಹಾಕುವ ಸಣ್ಣ ಬಳ್ಳಿಯ ಗೆರೆ.

ಆಫೀಸಿನವರನ್ನು ಕೇಳಿದೆ. ಫೋಟೋ ಎಲ್ಲಿಂದ ಸಿಕ್ಕಿತು? ನಿಮ್ಮ ಪುಟದಿಂದಲೇ ಇಳಿಸಿಕೊಂಡೆವು ಮೇಡಂ, ಅಲ್ಲಿ ಯಾರು ಬೇಕಾದರೂ ಬಳಸಬಹುದು ಅಂತ ನೀವೇ ಹಾಕಿದ್ದೀರಲ್ಲ ಎಂದರು. ಮ್ಯಾಟರು ಕಳಿಸಿದ್ದು ನೀವೇ ಹೇಳಿದ ಪ್ರೆಸ್ಸಿಗೆ. ಎರಡು ದಿನದಲ್ಲಿ ಮಾಡಿಕೊಟ್ಟರು, ಒಂದು ತಪ್ಪೂ ಇಲ್ಲ. ಅವರು ನನ್ನನ್ನು ಮೆಚ್ಚಿಸುವ ಹಾಗೆಯೇ ಹೇಳಿದರು. ಮಕ್ಕಳು ಫ್ಲೆಕ್ಸಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಕೂಗಾಡಿ ಅದನ್ನು ಬಿಚ್ಚಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಷ್ಟರಲ್ಲಿ ಹೊನ್ನಾವರದಿಂದ, ಬೆಳಕೆಯಿಂದ, ಮಂಕಿಯಿಂದ ಬಂದ ಮಕ್ಕಳು, ಅವರ ಅಪ್ಪ ಅಮ್ಮಂದಿರು ಎಲ್ಲ ಅದರ ಅಡಿಯಿಂದಲೇ ಒಳಗೆ ಹೋಗಿದ್ದರು.

ಪರದೆಯ ಹಿಂದೆ ಕೂತ ಅಕ್ಕನ ಎದುರು ಆ ಫೈಲು ತೆರೆದ ಗಳಿಗೆಯನ್ನು ನಾನು ಎಷ್ಟು ಸಲ ಊಹಿಸಿಕೊಂಡಿದ್ದೇನೋ. ಕಂಪ್ಯೂಟರಿನ ಪರದೆ ತುಂಬ ತನ್ನದೇ ಕೈ. ಅದರ ಕೆಳಗೆ "ಬೆರಳಿಲ್ಲದ ಕೈ" ಎಂದು ಹೊಡೆಯಬೇಕು, ಅದೇ ಕೈಯಿಂದ, ನಾನು ಮಾಡಿಕೊಟ್ಟ ಕೀಲಿಯನ್ನೇ ಒತ್ತಿ. ಇದು ಬೇಡ ಎಂದಿದ್ದರೆ ಯಜಮಾನರು ಖಂಡಿತ ಬಿಡುತ್ತಿದ್ದರು. ಅವರು ಹೇಳಲಿಲ್ಲ. ಹೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು...

ಆ ದಿನ ನಾನು ಪ್ರೆಸ್ಸಿಗೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಸುತ್ತು ಹಾಕಿ ಇನ್ನೊಂದು ದಾರಿಯಿಂದ ಮನೆ ಸೇರಿದೆ. ಮರುದಿನವೂ ಧೈರ್ಯ ಬರಲಿಲ್ಲ. ಭಾನುವಾರ ಅವರು ಬರಬಹುದೆಂದು ಕಾದೆ, ಬರಲಿಲ್ಲ. ಸೋಮವಾರ ಹೋಗಿ ಪರದೆಯ ಹೊರಗೆ ನಿಂತೆ. ಒಳಗೆ ಕೀಲಿಗಳ ಸದ್ದು ನಿಂತಿತು. ಅವರು ಸೆರಗು ಸರಿಮಾಡಿಕೊಂಡು ಹೊರಗೆ ಬಂದರು. ನನ್ನ ಎದುರು ಕೈ ಮುಚ್ಚಿಕೊಂಡದ್ದು ಅದೇ ಮೊದಲು, ಭಾನುವಾರಗಳು ಶುರುವಾದ ಮೇಲೆ. ಅಕ್ಕಾ, ತಪ್ಪಾತು ಎಂದೆ. ಇನ್ನೂ ಏನೇನೋ ಹೇಳಲಿಕ್ಕಿತ್ತು.

"ತಪ್ಪು ಎಂತದೂ ಇರ್ಲಿಲ್ಲ ಮೇಡಂ. ನಾನೇ ಪ್ರೂಫ್ ನೋಡಿ ಕೊಟ್ಟಿದ್ದು" ಎಂದರು.

ತಂಗೀ ಎನ್ನುತ್ತಿದ್ದವರು ಮೇಡಂ ಎಂದರು. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಬೈಯಲಿಲ್ಲ. ಬೇರೆ ಎಂತಾದರೂ ಕೆಲಸ ಇತ್ತೇ ಎಂದು ಗಿರಾಕಿಯನ್ನು ಕೇಳಿದ ಹಾಗೆ ಕೇಳಿದರು, ಇಲ್ಲ ಎಂದಾಗ ಒಳಗೆ ಹೋದರು. ಕೀಲಿಗಳ ಸದ್ದು ಮತ್ತೆ ಶುರುವಾಯಿತು.

ಫೋಟೋಗಳನ್ನು ನನ್ನ ಪುಟದಿಂದ ಅಳಿಸಿದೆ. ಆದರೆ ಕೆಟ್ಟ ಮೇಲೆ ಬುದ್ಧಿ ಬಂತು. ನನ್ನ ನಕ್ಷೆಯನ್ನು ಇಳಿಸಿಕೊಂಡವರೆಲ್ಲ ಅದರ ಜೊತೆಗೆ ಆ ಕೈಯನ್ನೂ ಇಳಿಸಿಕೊಂಡಿದ್ದರು, ತಮ್ಮ ತಮ್ಮ ಪುಟದಲ್ಲಿ ಇಟ್ಟಿದ್ದರು. ಒಬ್ಬೊಬ್ಬರಿಗೂ ಬರೆದೆ. ಕೆಲವರು ಒಳ್ಳೆಯವರು, ತಕ್ಷಣ ತೆಗೆದರು. ಹಲವರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು ಮಾತ್ರ, ಒಮ್ಮೆ ಎಲ್ಲರಿಗೂ ಕೊಟ್ಟದ್ದನ್ನು ವಾಪಸು ಕೇಳುವ ಹಾಗಿಲ್ಲ, ಇದು ನಮ್ಮ ಧರ್ಮ ಎಂದು ಬರೆದರು. ಆ ಧರ್ಮವನ್ನು ನಾನೇ ಎಷ್ಟೋ ಜನರಿಗೆ ಬೋಧಿಸಿದ್ದೆ. ನನಗೆ ಕೊಡುವ ಹಕ್ಕೇ ಇರಲಿಲ್ಲ ಎಂದು ಅವರಿಗೆ ಉತ್ತರ ಬರೆದು, ಕಳಿಸದೆ ಬಿಟ್ಟೆ. ಯಾರಿಗೆ ಹೇಳಬೇಕಾದ ಮಾತೋ ಅವರು ನಮ್ಮ ಓಣಿಯ ತುದಿಯಲ್ಲಿದ್ದರು.

ಕೀಬೋರ್ಡನ್ನು ಅವರು ಬಿಡಲಿಲ್ಲ. ಬಿಡುವ ಹಾಗೆಯೂ ಇರಲಿಲ್ಲ. ಹೊಟ್ಟೆಪಾಡು ಅದರ ಮೇಲಿತ್ತು. ಮಳೆಗಾಲದ ತೇವಕ್ಕೆ ಒಂದೊಂದು ಕೀಲಿ ಹಿಡಿದುಕೊಂಡರೆ, ತಮ್ಮನ ಮಗಳ ಕೈಯಲ್ಲಿ ಚೀಲದಲ್ಲಿ ಹಾಕಿ ಕಳಿಸುತ್ತಿದ್ದರು. ನಾನು ರಿಪೇರಿ ಮಾಡಿ ವಾಪಸು ಕಳಿಸುತ್ತಿದ್ದೆ. ಹೆಬ್ಬೆರಳಿನ ಕೀಲಿಯ ಮೇಲಿನ ಅಕ್ಷರ ತಿಕ್ಕಿ ತಿಕ್ಕಿ ಪೂರ್ತಿ ಅಳಿಸಿಹೋಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಕೂತಿರುತ್ತಿದ್ದೆ. ನನ್ನ ಮುಖ ನೋಡಲು ಮನಸ್ಸಿಲ್ಲದವರು ದಿನವಿಡೀ ನಾನು ಮಾಡಿದ ವಸ್ತುವಿಗೇ ಕೈ ಊರಬೇಕಾಗಿತ್ತಲ್ಲ ಎಂಬುದು ಚುಚ್ಚುತ್ತಿತ್ತು. ದಾರಿಯಲ್ಲಿ ಸಿಕ್ಕಿದರೆ ಆರಾಮಾ ಮೇಡಂ ಎನ್ನುತ್ತಿದ್ದರು. ಆರಾಮು ಅಕ್ಕಾ ಎನ್ನುತ್ತಿದ್ದೆ. ಇಷ್ಟೇ ಮಾತು, ವರ್ಷಗಳವರೆಗೆ. ಇನ್ನೊಮ್ಮೆ ಸರಿಯಾಗಿ ಕೂತು ಮಾತಾಡಬೇಕು, ಮುಂದಿನ ಭಾನುವಾರ, ಚೌತಿ ಕಳೆಯಲಿ, ದೀಪಾವಳಿ ಕಳೆಯಲಿ... ಹೀಗೆ ದಿನ ದೂಡಿದೆ.

ಹೋದ ವರ್ಷ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂತು, ನಂಜಾಗಿ ಏರಿತು, ಆಸ್ಪತ್ರೆಗೆ ಸೇರಿಸಿದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಅಂಗಳದಲ್ಲಿ ಮಲಗಿಸಿದಾಗ ನಾನೂ ಹೋಗಿದ್ದೆ. ತಮ್ಮನ ಹೆಂಡತಿ ಬಲಗೈಯನ್ನು ಬಟ್ಟೆಯ ಒಳಗೆ ಸೇರಿಸಿ ಮುಚ್ಚಿದ್ದರು. ಜನ ಸಾಲಾಗಿ ಬಂದು ಬಾಯಿಗೆ ತುಳಸಿ ನೀರು ಬಿಟ್ಟು ಹೋಗುತ್ತಿದ್ದರು. ಅವರ ಪತ್ರಿಕೆಯಲ್ಲಿ ಮದುವೆಯಾದವರೇ ಅರ್ಧ ಜನ ಇದ್ದಿರಬೇಕು. ನಾನೂ ಬಿಟ್ಟೆ. ನೀರು ಗಲ್ಲಕ್ಕೆ ಹರಿಯಿತು.

ಕುಮಟೆಗೆ ಮಣೆ ಕೊಟ್ಟು ಬಂದ ದಿನ ಸಂಜೆ ಅಕ್ಕನ ತಮ್ಮನ ಮಗಳು ಮನೆಗೆ ಬಂದಳು. ಈಗ ಕಾಲೇಜಿಗೆ ಹೋಗುತ್ತಾಳೆ. ವರ್ಷದ ತಿಥಿ ಹತ್ತಿರ ಬಂತು, ಗೋಡೆಗೆ ಒಂದು ಫೋಟೋ ಫ್ರೇಮ್ ಹಾಕಿಸಬೇಕು ಎಂದಳು. ಅಪಘಾತ ಆದ ಮೇಲೆ ಅವರು ಯಾರ ಫೋಟೋಕ್ಕೂ ನಿಂತವರಲ್ಲ. ಅದಕ್ಕೂ ಮೊದಲಿನದು ಮನೆಯಲ್ಲಿ ಇರುವುದು ಶಾಲೆಯ ಕಾಲದ್ದೊಂದೇ, ಅದರಲ್ಲಿ ಗುರುತೇ ಸಿಗುವುದಿಲ್ಲವಂತೆ.

"ದೊಡ್ಡತ್ತೆ ನಿಮ್ಮಲ್ಲಿಗೆ ಆವಾಗ ವಾರವಾರ ಬತ್ತಿದ್ರಲ್ಲ ಆಂಟಿ, ನೀವು ಸುಮಾರು ಫೋಟೋನೂ ತೆಗ್ದಿದ್ರಂತೆ. ಒಂದಾದ್ರೂ ಇದ್ರೆ ಕೊಡಿ" ಎಂದಳು. ಅವಳಿಗೆ ಫ್ಲೆಕ್ಸಿನ ವಿಷಯ ಗೊತ್ತಿದೆಯೋ ಇಲ್ಲವೋ, ಮುಖದ ಮೇಲೆ ಏನೂ ಕಾಣಲಿಲ್ಲ. ಜಗಲಿಯಲ್ಲಿ ಕೂರಿಸಿ, ಅವಳಿಗೆ ಚಹಾ ಕೊಡಿ ಎಂದು ಅತ್ತೆಗೆ ಹೇಳಿ, ನಾನು ಒಳಗೆ ಹೋಗಿ ಕಂಪ್ಯೂಟರ್ ಹಾಕಿದೆ. ಪುಟದಿಂದ ಅಳಿಸಿದ್ದರೂ ನನ್ನಲ್ಲಿದ್ದ ಮೂಲಗಳನ್ನು ಅಳಿಸಲು ಮನಸ್ಸು ಬಂದಿರಲಿಲ್ಲ. ಒಂದೊಂದಾಗಿ ತೆರೆದೆ. ಮೇಲಿನಿಂದ ಕೈ, ಬದಿಯಿಂದ ಕೈ, ಅಡಿಪಟ್ಟಿಯ ಪಕ್ಕದಲ್ಲಿ ಕೈ, ಮಣ್ಣಿನಲ್ಲಿ ಕೈ. ಯಾವುದರಲ್ಲೂ ಮುಖ ಇರಲಿಲ್ಲ. ಒಂದರಲ್ಲಿ ಮಾತ್ರ ಮೇಜಿನ ಮೇಲೆ, ಕೈಯ ಪಕ್ಕ, ಅವರ ತಲೆಯ ನೆರಳು ಅರ್ಧ ಬಿದ್ದಿತ್ತು. ಅದರ ಮುಂದಿನದರಲ್ಲಿ ನೆರಳೂ ಇಲ್ಲ. ನಡುವೆ ನಾನು ಹೇಳಿದ ಮಾತು ಸ್ಪಷ್ಟವಾಗಿ ನೆನಪಾಯಿತು. "ಸ್ವಲ್ಪ ಹಿಂದೆ ಸರ್ಕೊಳ್ಳಿ ಅಕ್ಕಾ, ನಿಮ್ಮ ತಲೆ ಅಡ್ಡ ಬತ್ತದೆ" ಎಂದಿದ್ದೆ. ಅವರು ನಗುತ್ತಾ ಹಿಂದೆ ಸರಿದಿದ್ದರು.